ಐದನೆಯ ಹೆಸರು

ನಮ್ಮ ಹೈಸ್ಕೂಲಿಗೆ ಬಾಸ್ಕೆಟ್‌ಬಾಲ್ ಕೊಳ್ಳಲೆಂದು ಹೋದ ತಿಂಗಳು ವಿಜಯಪುರದ ಪೇಟೆಗೆ ಹೋಗಿದ್ದೆ. ಅಂಗಡಿಯವನು ಪ್ಲಾಸ್ಟಿಕ್ ಚೀಲ ಬಿಚ್ಚಿ ಚೆಂಡನ್ನು ಕೈಗಿಟ್ಟ. ಗಾಳಿ ನೋಡುವ ನೆಪದಲ್ಲಿ ನಾನು ಅದನ್ನು ಮೂಗಿನ ಹತ್ತಿರ ಹಿಡಿದೆ. ಐವತ್ತು ದಾಟಿದ ಕನ್ನಡ ಟೀಚರೊಬ್ಬಳು ಹೆಗಲಿಗೆ ಬ್ಯಾಗು ತೂಗಿಸಿಕೊಂಡು ಚೆಂಡು ಮೂಸುತ್ತ ನಿಲ್ಲುವುದು ನೋಡುವವರಿಗೆ ವಿಚಿತ್ರವೇ ಅನ್ನಿ. "ಯಾಕ್ರಿ ಮೇಡಂ, ವಾಸನಿ ಹೊಡ್ಯಾಕತ್ತೈತೇನ್ರಿ?" ಎಂದು ಅವನು ಗಾಬರಿಯಾದ. ಹೊಸ ರಬ್ಬರಿನ ವಾಸನೆ. ಅದರ ಹಿಂದೆಯೇ ನಮ್ಮ ಕಾಲೇಜಿನ ಗರಸಿನ ಅಂಗಳ, ಬಿದ್ದರೆ ಮೊಣಕಾಲು ಕಿತ್ತುಬರುತ್ತಿದ್ದ ಆ ಕೆಂಪು ಅಂಗಳ, ಎದ್ದು ಬಂತು.

ಅದೇ ವಾರ ಕಾಲೇಜಿನಿಂದ ಫೋನೂ ಬಂತು. ಮಾತಾಡಿದ್ದು ಈಗಿನ ಕೋಚ್, ನನ್ನ ಮಗಳ ವಯಸ್ಸಿನ ಹುಡುಗಿ. ಅಂಗಳಕ್ಕೆ ಈಗ ಸೂರು ಬಂದಿದೆಯಂತೆ. ಅದರ ಗೋಡೆಯ ಮೇಲೆ ಹುಡುಗಿಯರ ತಂಡದ ಇಷ್ಟು ವರ್ಷಗಳ ಇತಿಹಾಸದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದ ಐವರ ಹೆಸರು ಬರೆಸುತ್ತಾರಂತೆ. "ಹಳಬರು ನೀವ ಕೂತು ಆರಿಸಿಕೊಡ್ರಿ ಮೇಡಂ. ಒಬ್ಬೊಬ್ಬರ ಬಗ್ಗೆ ಎರಡು ಸಾಲು ಬರೀರಿ" ಎಂದಳು. ನನ್ನ ಜೊತೆ ಆಡಿದವರಲ್ಲಿ ಕೈಗೆ ಸಿಗುವಷ್ಟು ದೂರದಲ್ಲಿ ಇರುವವರು ಇಬ್ಬರು: ತೊರವಿಯಲ್ಲಿ ಮನೆ ಮಾಡಿರುವ ನರ್ಸ್ ಕಮಲಾ, ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಹೋಗಿ ಈಗ ಆ ವ್ಯಾಪಾರವನ್ನೇ ನಡೆಸುತ್ತಿರುವ ಸುನೀತಾ. ಭಾನುವಾರ ಸುನೀತಾಳ ಮನೆಯಲ್ಲಿ ಸೇರುವುದೆಂದಾಯಿತು.

ಇಂಥ ಆಯ್ಕೆಯ ಗುಟ್ಟೊಂದನ್ನು ನಿಮಗೆ ಹೇಳಿಬಿಡುತ್ತೇನೆ. ಕೂತವರೆಲ್ಲ ಬೇರೆಯವರ ಹೆಸರು ಹೇಳುತ್ತಾರೆ. ಆದರೆ ಪ್ರತಿಯೊಬ್ಬರ ಕಿವಿಯೂ ತನ್ನ ಹೆಸರಿಗಾಗಿ ನೆಟ್ಟಗಾಗಿರುತ್ತದೆ. ಬಸ್ಸಿನಲ್ಲಿ ತಿಕೋಟಾಕ್ಕೆ ಹೋಗುವಾಗ, ಗೆಳತಿಯರು ನನ್ನ ಹೆಸರು ಹೇಳಿದರೆ ಎಷ್ಟು ಸಲ 'ಬ್ಯಾಡ' ಅನ್ನಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಎರಡು ಸಲ ಸಾಕು ಎನಿಸಿತ್ತು. ಮೂರನೆಯ ಸಲಕ್ಕೆ ಅವರು ನಿಜವಾಗಿ ಬಿಟ್ಟುಬಿಟ್ಟರೆ?

ಸುನೀತಾಳ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಮಂಡಕ್ಕಿ ಒಗ್ಗರಣೆಯ ಸೂಸಲಾದ ತಟ್ಟೆ ನಡುವೆ ಇಟ್ಟುಕೊಂಡು ಕೂತೆವು. ಮೊದಲ ಹೆಸರಿಗೆ ವಾದವೇ ಇರಲಿಲ್ಲ: ಬಬಲೇಶ್ವರದ ಶಾರದಾ. ಯಾರು ಎಸೆದು ತಪ್ಪಿದರೂ ಚೆಂಡು ತವರಿಗೆ ಬಂದಂತೆ ಅವಳ ಕೈಗೇ ಬರುತ್ತಿತ್ತು. ಎರಡನೆಯದು ರಜಿಯಾ. ದೂರದಿಂದ ಅವಳು ಎಸೆದರೆ ನಾವು ಬುಟ್ಟಿಯ ಕಡೆ ನೋಡದೆ ಹಿಂದಕ್ಕೆ ಓಡಲು ಶುರು ಮಾಡುತ್ತಿದ್ದೆವು, ಬಿದ್ದೇ ಬೀಳುತ್ತದೆಂದು. ಮೂರನೆಯವಳು ತಂಡ ಕಟ್ಟಿದ ಮೊಟ್ಟಮೊದಲ ಕ್ಯಾಪ್ಟನ್. ಅವಳ ಆಟವನ್ನು ನಾವು ಯಾರೂ ನೋಡಿರಲಿಲ್ಲವಾದ್ದರಿಂದ ಬೇಗ ಒಪ್ಪಿದೆವು.

ನಾಲ್ಕನೆಯದಕ್ಕೆ ಕಮಲಾ ಹೋದ ವರ್ಷ ಪದವಿ ಮುಗಿಸಿದ ಹುಡುಗಿಯೊಬ್ಬಳ ಹೆಸರು ಹೇಳಿ, ಮೊಬೈಲಿನಲ್ಲಿ ಅವಳ ಆಟ ತೋರಿಸಿದಳು. ಸುನೀತಾ ಮುಖ ತಿರುವಿದಳು. "ಇಕಿ ಹರಕ ಬೂಟ್ ಹಾಕ್ಕೊಂಡು ನಮ್ಮ ಗರಸಿನ್ಯಾಗ ಆಡಲಿ, ಆಮ್ಯಾಲ ನೋಡೂಣು."

"ಹಂಗಂದ್ರ ನೀನೂ ಇಕಿ ಜೋಡಿ ಓಡಿ ತೋರಸಬೇಕಲಾ ಬೇ?" ಎಂದಳು ಕಮಲಾ. "ಇಕಿ ಓಟ ನೋಡು. ಇಕಿನ್ನ ಹಿಡ್ಯಾಕ ನಮ್ಮೊಳಗ ಯಾರಿದ್ರು, ಹೇಳು?"

ಆ ಪ್ರಶ್ನೆಗೆ ಉತ್ತರವಿತ್ತು. ಮೂವರಿಗೂ ಗೊತ್ತಿತ್ತು. ಹೊಸ ಹುಡುಗಿಯನ್ನು ಒಪ್ಪಿಕೊಂಡು ಐದನೆಯದಕ್ಕೆ ಬಂದಾಗ ನಾನು ಸೂಸಲಾದೊಳಗಿನ ಶೇಂಗಾ ಆರಿಸುತ್ತ ವಿನಯದಿಂದ ತಲೆ ತಗ್ಗಿಸಿದೆ.

"ನೀಲವ್ವ" ಎಂದಳು ಸುನೀತಾ.

ಘೋಣಸಗಿಯ ನೀಲವ್ವ. ಕುರಿ ಸಾಕುವ ಮನೆತನದ ಹುಡುಗಿ. ನಾನು ಕೊನೆಯ ವರ್ಷದಲ್ಲಿದ್ದು ಕ್ಯಾಪ್ಟನ್ ಆಗಿದ್ದಾಗ ಅವಳು ಮೊದಲ ವರ್ಷಕ್ಕೆ ಸೇರಿದಳು. ಬೆಳಗಿನ ಮೊದಲ ಬಸ್ಸಿಗೆ ಬಂದು, ಬುತ್ತಿಯ ಗಂಟನ್ನು ಬೇವಿನ ಕೊಂಬೆಗೆ ಸಿಕ್ಕಿಸಿ ಅಂಗಳಕ್ಕೆ ಇಳಿಯುತ್ತಿದ್ದಳು. ಅದಕ್ಕೂ ಮುಂಚೆ ಅವಳು ಬಾಸ್ಕೆಟ್‌ಬಾಲ್ ಮುಟ್ಟಿದವಳಲ್ಲ. ಎರಡು ತಿಂಗಳಿಗೆ ಅವಳನ್ನು ದಾಟಿ ಹೋಗುವುದು ನಮಗೆ ಯಾರಿಗೂ ಆಗದಾಯಿತು. ಎದುರಾಳಿ ಎಡಕ್ಕೆ ಹೋಗಬೇಕೆಂದು ಯೋಚಿಸುವ ಮೊದಲೇ ಇವಳು ಎಡಕ್ಕೆ ಇರುತ್ತಿದ್ದಳು. ತಪ್ಪಿಸಿಕೊಳ್ಳುವ ಟಗರನ್ನು ಅಡ್ಡಗಟ್ಟಿ ಬೆಳೆದ ಕಾಲುಗಳು.

"ಆಟ ಇತ್ತು, ಇಲ್ಲ ಅನ್ನಂಗಿಲ್ಲ" ಎಂದಳು ಕಮಲಾ. "ಆದ್ರ ಫೈನಲ್‌ನ್ಯಾಗ ಏನಾತು? ನಾಕು ಫೌಲ್ ಮಾಡ್ಕೊಂಡು ಹೊರಗ ಕುಂತ್ಳು. ಒಂದ ಪಾಯಿಂಟಿಗೆ ಕಪ್ ಹೋತು. ಅಂಥಾಕಿ ಹೆಸರು ಗ್ವಾಡಿ ಮ್ಯಾಲ ಹೆಂಗ ಬರಿಸೂದು?"

ಐದು ಫೌಲಾದರೆ ಆಟಗಾರ್ತಿ ಅಂಗಳದಿಂದ ಆಚೆ. ಅದಕ್ಕೇ ನಾಲ್ಕಾದವರನ್ನು ಕೂರಿಸಿ ಕಾಪಾಡಿಕೊಳ್ಳುವುದು ರೂಢಿ. ಕಮಲಾ ಹೇಳಿದ್ದು ನಮ್ಮ ತಂಡದಲ್ಲಿ ಮೂವತ್ತು ವರ್ಷಗಳಿಂದ ಎಲ್ಲರೂ ಹೇಳಿಕೊಂಡು ಬಂದ ಮಾತು. ಎಲ್ಲಿ ಇಬ್ಬರು ಸೇರಿದರೂ ಆ ಸೋಲಿನ ಮಾತು ಬರುತ್ತಿತ್ತು, ಕೊನೆಗೆ 'ಆ ನೀಲವ್ವ ಒಬ್ಬಾಕಿ' ಎಂದು ಮುಗಿಯುತ್ತಿತ್ತು. ನಾನೂ ಹೂಂಗುಟ್ಟುತ್ತಿದ್ದೆ.

ಈ ಸಲವೂ ಹೂಂ ಅನ್ನಬಹುದಾಗಿತ್ತು. ಅಂದಿದ್ದರೆ ಐದನೆಯ ಜಾಗ ಖಾಲಿ ಉಳಿಯುತ್ತಿತ್ತು. ಅದಕ್ಕೆ ಯಾರು ಬರಬಹುದಿತ್ತು ಎಂಬುದು ನಿಮಗೂ ಗೊತ್ತು. ಹೂಂ ನಾಲಗೆಯ ತುದಿಗೆ ಬಂದಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

"ಮೂರು" ಎಂದೆ. "ನಾಕಲ್ಲ. ಮೂರಽ ಆಗಿದ್ದು."

ಇಬ್ಬರೂ ನನ್ನನ್ನೇ ನೋಡಿದರು. ಹೇಳಿದೆ. ಆ ದಿನ ಜನ ಅಂಗಳದ ಸುತ್ತ ನಿಂತು "ನೀಲವ್ವಾ, ನೀಲವ್ವಾ" ಎಂದು ಕೂಗುತ್ತಿದ್ದರು. ಮೂರು ವರ್ಷ ಆಡಿದ್ದೆ, ನನ್ನ ಹೆಸರನ್ನು ಹಾಗೆ ಒಬ್ಬರೂ ಕೂಗಿರಲಿಲ್ಲ. ನಾವು ಮುಂದಿದ್ದೆವು, ಗೆಲ್ಲುತ್ತೇವೆಂಬ ಧೈರ್ಯವಿತ್ತು. ಕೊನೆಯ ಬುಟ್ಟಿ ನನ್ನದಾಗಲಿ, ಆ ಕೂಗು ಒಂದು ಸಲ ನನ್ನ ಕಡೆ ತಿರುಗಲಿ ಎನಿಸಿತು. ಬಿಡುವಿನಲ್ಲಿ, ನಮಗೆ ಆಟ ಕಲಿಸುತ್ತಿದ್ದ ಸರ್ ಹತ್ತಿರ ಹೋಗಿ "ನೀಲವ್ವಗ ನಾಕು ಆಗ್ಯಾವ ಸರ್, ಕೂಡಸ್ರಿ" ಎಂದೆ. ಫೌಲಿನ ಲೆಕ್ಕ ಆಚೆ ಬದಿಯ ಮೇಜಿನ ಮೇಲಿನ ಹಾಳೆಯಲ್ಲಿತ್ತು. ಸರ್ ಅಲ್ಲಿಗೆ ಹೋಗಿ ನೋಡಲಿಲ್ಲ. ಅವರಿಗೆ ಕ್ಯಾಪ್ಟನ್ ಮಾತೇ ಹಾಳೆ. ನೀಲವ್ವ ಕೂತಮೇಲೆ ಎದುರಿನವರು ನಮ್ಮ ಮುನ್ನಡೆಯನ್ನು ಒಂದೊಂದೇ ಅಂಕವಾಗಿ ತಿನ್ನುತ್ತ ಬಂದರು. ಕೊನೆಯ ಚೆಂಡು ನಾನು ಬಯಸಿದಂತೆ ನನ್ನ ಕೈಗೇ ಬಂತು. ಹಲಗೆಗೆ ಬಡಿದು ಹೊರಗೆ ಬಿತ್ತು.

ಸುನೀತಾ ಸೂಸಲಾದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಇಷ್ಟ್ ವರ್ಷ ಇದನ್ನ ಹೊಟ್ಟಿಯೊಳಗ ಇಟ್ಕೊಂಡು ನಮ್ಮ ಜೋಡಿ ಹೆಂಗ ನಕ್ಕೋಂತ ಇದ್ದಿ?" ಎಂದಳು. ಕಮಲಾ ಎದ್ದು ಸೀರೆ ಝಾಡಿಸಿದಳು. "ನಾ ಎಷ್ಟ್ ಮಂದಿ ಮುಂದ ಆಕಿನ್ನ ಬೈದೇನಿ. ನಡೀರಿ, ಘೋಣಸಗಿಗೆ ಹೋಗೂಣು."

ಸುನೀತಾಳ ಕಾರಿನಲ್ಲಿ ಹೋದೆವು. ನೀಲವ್ವ ತನ್ನ ದ್ರಾಕ್ಷಿ ತೋಟದ ಬದಿಯಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು, ಆಳುಗಳ ಜೊತೆ ಗೊನೆ ತುಂಬಿದ ಕ್ರೇಟುಗಳನ್ನು ಟ್ರ್ಯಾಕ್ಟರಿಗೆ ಏರಿಸುತ್ತಿದ್ದಳು. ತವರೂರಿನಲ್ಲೇ ಮದುವೆಯಾಗಿ, ಪದವಿಯನ್ನೂ ಮುಗಿಸಿ, ಈ ತೋಟ ಮಾಡಿದ್ದಾಳೆಂದು ಸುನೀತಾ ಹೇಳಿದ್ದಳು. ನಮ್ಮನ್ನು ಕಂಡವಳೇ "ಯವ್ವಾ! ಪೂರಾ ಟೀಮ್ ಬಂದೈತಿ!" ಎಂದು ನಕ್ಕಳು. ನೀರು ಕೊಟ್ಟಳು, ತಟ್ಟೆ ತುಂಬ ದ್ರಾಕ್ಷಿ ತಂದಿಟ್ಟಳು. ತಿಂದರೆ ಹೇಳಲಾಗುವುದಿಲ್ಲವೆಂದು ನಾನು ನಿಂತಲ್ಲಿಯೇ ಹೇಳಿದೆ.

"ಗೊತ್ತಿತ್ತಕ್ಕಾ" ಎಂದಳು. "ಕುರಿ ಎಣಿಸಿ ಬೆಳೆದಾಕಿ ನಾ. ಮೂರು ಯಾವುದು, ನಾಕು ಯಾವುದು ನನಗ ತಿಳ್ಯಂಗಿಲ್ಲೇನು?"

"ಮತ್ತ ಸರ್ ಮುಂದ ಯಾಕ ಹೇಳಲಿಲ್ಲ?"

"ನೀ ಕ್ಯಾಪ್ಟನ್ ಇದ್ದಿ. ನಾ ಹಳ್ಳಿಯಿಂದ ಬಂದ ಹುಡುಗಿ. ಯಾರ ಮಾತು ನಂಬ್ತಿದ್ರು?" ಅವಳ ನಗು ನಿಂತಿತು. "ಸಿಟ್ಟು ಬಂದಿತ್ತು. ಮರುವರ್ಷ ಅಂಗಳದ ಕಡೆ ಮುಖಾ ಹಾಕಲಿಲ್ಲ. ಅದೊಂದು ನನ್ನ ತಪ್ಪು. ನಿನ್ನ ಮ್ಯಾಲಿನ ಸಿಟ್ಟಿಗೆ ನನ್ನ ಆಟ ಯಾಕ ಬಿಡಬೇಕಿತ್ತು? ಅದರ ಸಂಕಟ ಇನ್ನೂ ಐತಿ ನೋಡಕ್ಕಾ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಮಾತು ಬದಲಿಸಲೆಂದು ಸುನೀತಾ ಗೋಡೆಯ ಸಂಗತಿ ಹೇಳಿದಳು. "ನೀನ ಹೇಳವ್ವಾ, ನಮ್ಮ ಕಾಲೇಜಿನ್ಯಾಗ ಎಲ್ಲಾರಕ್ಕಿಂತ ದೊಡ್ಡ ಆಟಗಾರ್ತಿ ಯಾರು?"

"ನಾನಽ" ಎಂದಳು ನೀಲವ್ವ. "ಮತ್ತ್ಯಾರು?"

ಹುಬ್ಬು ಕೂಡ ಅಲುಗಲಿಲ್ಲ. ಈ ವರ್ಷ ಬೆಳೆ ಹೇಗೆ ಎಂದು ಕೇಳಿದರೆ ಹೇಳುವಂತೆ ಹೇಳಿದಳು. ಮುಂಜಾನೆಯಿಂದ ವಿನಯ ನಟಿಸಿ ದಣಿದಿದ್ದ ನಾವು ಮೂವರೂ ಬೆಪ್ಪಾಗಿ ನಿಂತೆವು. ಆಮೇಲೆ ಅವಳು ನನ್ನ ಕಡೆ ತಿರುಗಿ, ನನ್ನ ಮನಸ್ಸನ್ನು ಓದಿದವಳಂತೆ, "ನೀನೂ ಚಲೋ ಆಡ್ತಿದ್ದಿ ಅಕ್ಕಾ. ಆದ್ರ ಐದರಾಗ ಬರಂಗಿಲ್ಲ" ಎಂದಳು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿಯೂ ಅದು ಒಂಚೂರು ನೋಯಿಸಿತು.

ನಿನ್ನೆ ಸಂಜೆ ಐದು ಹೆಸರುಗಳನ್ನೂ ಅವುಗಳ ಸಾಲುಗಳನ್ನೂ ಕೋಚ್‌ಗೆ ಕಳಿಸಿದೆ. ನೀಲವ್ವನ ಹೆಸರು ಎಲ್ಲಕ್ಕಿಂತ ಮೇಲೆ. ಸ್ವಲ್ಪ ಹೊತ್ತಿಗೆ ಫೋನು ಬಂತು.

"ಮೇಡಂ, ಇವ್ರು ಒಂದ ವರ್ಷ ಆಡ್ಯಾರ. 'ಫೈನಲ್‌ನಲ್ಲಿ ಮೂರೇ ಫೌಲ್ ಆಗಿದ್ದರೂ ಕ್ಯಾಪ್ಟನ್ ಹೇಳಿದ ಸುಳ್ಳಿನಿಂದಾಗಿ ಹೊರಗೆ ಕೂರಬೇಕಾಯಿತು' ಅಂತ ಬರದೀರಿ. ಇದನ್ನೂ ಗೋಡಿ ಮ್ಯಾಲ ಬರಸೂದೇನ್ರಿ?"

"ಬರಸು."

ಆಚೆ ಕಡೆ ಹುಡುಗಿ ತಡವರಿಸಿದಳು. "ಯಾರ್ರಿ ಮೇಡಂ ಆ ಕ್ಯಾಪ್ಟನ್?"

"ನಾನಽ" ಎಂದೆ.