ಮೊಸರಿನ ಪಾತ್ರೆಗೆ ಅನ್ನದ ಕೈ

ದೊಡ್ಡಮ್ಮನ ಗಂಟಲಲ್ಲಿ ಗಂಟು ಇದೆ ಎಂದು ಡಾಕ್ಟರು ಹೇಳಿದ ವಾರವೇ ದೊಡ್ಡಪ್ಪನ ಹಳೇ ಕಂಪ್ಯೂಟರೂ ಸತ್ತಿತು. ಸಾಯುವ ಮೊದಲು ಅದರ ಹೊಟ್ಟೆಯಲ್ಲಿದ್ದ ಫೈಲುಗಳನ್ನು ನಾನು ಪೆನ್ ಡ್ರೈವಿಗೆ ಇಳಿಸಿಕೊಂಡಿದ್ದೆ, ಅಷ್ಟೇ ಪುಣ್ಯ.

ಫೈಲುಗಳಲ್ಲಿ ಇದ್ದದ್ದು ದೊಡ್ಡಮ್ಮನ ಕತೆಗಳು. ಮದುವೆಯಾಗಿ ಉಡುಪಿ ಕಡೆಯಿಂದ ಸಯನ್ನಿನ ಈ ಬಿಲ್ಡಿಂಗಿಗೆ ಬಂದವಳು ಅವಳು. ದೊಡ್ಡಪ್ಪ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಮ್ಯಾನೇಜರಾಗಿದ್ದರು. ಚಿಕ್ಕಂದಿನಲ್ಲೇ ತಾಯಿ ಹೋದ ನನ್ನನ್ನು ಸಾಕಿದ್ದು ಇವರಿಬ್ಬರೇ. ಶಾಲೆಯಲ್ಲಿ ಇಂಗ್ಲಿಷು, ಮೆಟ್ಟಿಲ ಮೇಲೆ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ. ಕನ್ನಡ ಮಾತ್ರ ದೊಡ್ಡಮ್ಮನ ಬಾಯಿಂದ ಬಂದದ್ದು, ಅವಳು ತೆಂಗಿನಕಾಯಿ ತುರಿಯುತ್ತ ಹೇಳಿದ ಕತೆಗಳಿಂದ. ಅವಳ ಕತೆಯೆಂದರೆ ಸ್ವಲ್ಪ ಮಾತು, ನಡುವೆ ಹಾಡು, ಹಾಡು ಮುಗಿದರೆ ಮತ್ತೆ ಮಾತು. ಕೆಲಸದಿಂದ ನಿವೃತ್ತರಾದ ಮೇಲೆ ದೊಡ್ಡಪ್ಪ ಹಠ ಹಿಡಿದು, ಒಂದೇ ಬೆರಳಿನಲ್ಲಿ, ಅವನ್ನೆಲ್ಲ ಟೈಪು ಮಾಡಿದರು. ಮಾಡಿ ಮುಗಿಸಿ ಹೋಗಿಬಿಟ್ಟರು.

ಸೋಮವಾರ ಆಪರೇಶನ್ ಎಂದಾಯಿತು. ದನಿ ಉಳಿಯಬಹುದು, ಉಳಿಯದೆಯೂ ಇರಬಹುದು, ಅಲ್ಲಿಯವರೆಗೆ ಮಾತು ಕಡಿಮೆ ಮಾಡಿ ಎಂದರು ಡಾಕ್ಟರು. ಆಸ್ಪತ್ರೆಯಿಂದ ಬಂದ ಸಂಜೆ ದೊಡ್ಡಮ್ಮನ ಮಗಳು, ನನ್ನ ಅಕ್ಕ, ಫೋನು ಹಿಡಿದು ಕೂತಳು.

“ಅರೇ ಅಮ್ಮಾ, ರೆಕಾರ್ಡ್ ಮಾಡಿಬಿಡೋಣ ನಾ? ಡಾಕ್ಟರಿಗೆ ಕ್ಯಾ ಪತಾ. ನೀ ಬಸ್ ಹಾಡ್ತಾ ಹೋಗು.”

“ಎಂತ ಹಾಡೂದು?” ದೊಡ್ಡಮ್ಮನ ದನಿ ಆಗಲೇ ಹೊಟ್ಟು ಉಜ್ಜಿದ ಹಾಗಿತ್ತು. “ನಿನ್ನ ಅಪ್ಪನ ಹತ್ರ ಬರೆಸಿ ಆದ ಮೇಲೆ ಮತ್ತೆ ತಲೆಯಲ್ಲಿ ಯಾಕೆ ಇಟ್ಕೊಳ್ಳೂದು? ಡಬ್ಬ ತೊಳೆದು ಕವುಚಿ ಹಾಕಿ ಆಗಿದೆ.”

ನಕ್ಕಳು, ಕೆಮ್ಮಿದಳು. ಆಮೇಲೆ ನನ್ನ ಕಡೆ ತಿರುಗಿ, “ನೀನು ಅದನ್ನು ತೆಗೆದು ಕೊಡು ಮಾರಾಯ್ತಿ. ನಾನೊಮ್ಮೆ ಓದಿ, ಇದು ಸರಿ ಉಂಟು, ಇದು ಸರಿ ಇಲ್ಲ ಅಂತ ಹೇಳ್ತೇನೆ. ಮತ್ತೆ ಹೇಳ್ಲಿಕ್ಕೆ ಗಂಟಲು ಉಂಟಾ ಇಲ್ವಾ, ಯಾರಿಗೆ ಗೊತ್ತು,” ಎಂದಳು.

ನನ್ನ ಭಯ ಹುಟ್ಟಿದ್ದು ಅಲ್ಲಿ. ಫೈಲು ತೆರೆದರೆ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು, ಗುಡಿಸಿ ಮೂಲೆಗೆ ಹಾಕಿದ ಕಸದಂತೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಈಗಿನ ಯುನಿಕೋಡಿನಲ್ಲಿ ಲೋಕದ ಒಂದೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ದೊಡ್ಡಪ್ಪನ ಕಾಲದ ಫಾಂಟುಗಳು ಇಂಗ್ಲಿಷಿನ ಖೋಲಿಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸುತ್ತಿದ್ದವು: ಒಂದು ಫಾಂಟಿನಲ್ಲಿ ತಲೆಕಟ್ಟು ಇದ್ದ ಖೋಲಿಯಲ್ಲಿ ಇನ್ನೊಂದರಲ್ಲಿ ಕೊಂಬು. ಯಾರು ಎಲ್ಲಿದ್ದಾರೆ ಎಂಬ ಪಟ್ಟಿ ಇಲ್ಲದೆ ಬಾಗಿಲು ತಟ್ಟಿದರೆ ಗುರುತಿಲ್ಲದವರೇ ಹೊರಗೆ ಬರುತ್ತಾರೆ.

ನನ್ನ ಹೊಟ್ಟೆಪಾಡು ಪ್ರೋಗ್ರಾಮಿಂಗೇ. ಪ್ರೋಗ್ರಾಮಿನ ಆಬ್ಜೆಕ್ಟ್ ಎಂಬುದನ್ನು ನಾನು ಒಬ್ಬ ಅಡುಗೆಯವನ ಹಾಗೆ ಕಲ್ಪಿಸಿಕೊಳ್ಳುವುದು. ಅವನ ಪಾತ್ರೆ ಅವನ ಹತ್ತಿರ, ಅವನ ಕೆಲಸ ಅವನಿಗೆ ಗೊತ್ತು, ಹೊರಗಿನವರು ತಟ್ಟೆ ಚಾಚಿ ಕಾದರೆ ಸಾಕು. ಠಾಣೆಯ ನನ್ನ ಮನೆಯಲ್ಲಿ ಕೂತು ಅಂಥ ಒಬ್ಬನನ್ನು ಸಿದ್ಧ ಮಾಡಿದೆ. ಹಳೇ ಫಾಂಟಿನ ಸಂಖ್ಯೆ ಕೊಟ್ಟರೆ ಹೊಸ ಕನ್ನಡ ಬಡಿಸುತ್ತಾನೆ. ಮಾತಿನ ಭಾಗ ಬಂತು. ಹಾಡು ಬಂದಲ್ಲೆಲ್ಲ ಮತ್ತೆ ಕಸ.

ಟ್ಯಾಬಿನಲ್ಲಿ ದೊಡ್ಡದಾಗಿ ಮಾಡಿ ದೊಡ್ಡಮ್ಮನಿಗೆ ತೋರಿಸಿದೆ. ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದಳು.

“ಹಾಡಿಗೆ ಅವರು ಬೇರೆ ಅಕ್ಷರ ಹಾಕ್ತಿದ್ರು. ಮದುವೆ ಕಾಗದದ ಅಕ್ಷರದ ಹಾಗೆ, ಚಂದ ಇತ್ತು.”

“ಹಾಡು ಎಲ್ಲಿಂದ ಶುರು ಅಂತ ನನಗೆ ಹೇಗೆ ಗೊತ್ತಾಗ್ಬೇಕು ದೊಡ್ಡಮ್ಮ?”

“ಗೆರೆ ಉಂಟಲ್ಲ! ಹಾಡುವ ಮೊದಲು, ಹಾಡಿ ಆದ ಮೇಲೆ, ನಾನು ನೀರು ಕುಡೀತಿದ್ದೆ. ಅಲ್ಲಿ ಅವರೊಂದು ಗೆರೆ ಎಳೀತಿದ್ರು. ನಾನು ಕುಡಿದು ಆಗುವವರೆಗೆ ಅವರಿಗೂ ಬೆರಳಿಗೆ ರಜೆ.”

ಅಡ್ಡಗೆರೆ ನಿಜವಾಗಿಯೂ ಇತ್ತು. ನೀರಿನ ಗೆರೆ. ಸರಿ, ಆ ಅಡುಗೆಯವನ ಬದಲು ಒಂದು ತಾಯಿ ಕ್ಲಾಸು, ಅಂದರೆ ಆಬ್ಜೆಕ್ಟುಗಳ ಅಚ್ಚು, ಬರೆದು, ಅದರಿಂದ ಇಬ್ಬರು ಹೆಣ್ಣುಮಕ್ಕಳನ್ನು ಮಾಡಿದೆ. ಒಬ್ಬಳಿಗೆ ಮಾತಿನ ಫಾಂಟು, ಇನ್ನೊಬ್ಬಳಿಗೆ ಹಾಡಿನದು. ಗೆರೆ ಬಂದ ಕೂಡಲೇ ಒಬ್ಬಳು ಸರಿದು ಇನ್ನೊಬ್ಬಳು ಬರಬೇಕು. ಭಾನುವಾರ ಬೆಳಿಗ್ಗೆ ಓಡಿಸಿ ನೋಡಿದೆ. ಹಾಡು ಅಲ್ಲಲ್ಲಿ ಕೆಟ್ಟಿತ್ತು. ನಿನ್ನೆ ಸರಿಯಾಗಿ ಬಂದಿದ್ದ ಮಾತೋ, ಪೂರ್ತಿ ಹಾಳು.

ಲ್ಯಾಪ್‌ಟಾಪು ಎದೆಗೆ ಅವುಚಿಕೊಂಡು ಸಯನ್ನಿಗೆ ಲೋಕಲ್ ಹತ್ತಿದೆ. ರಜೆಯ ದಿನ, ಕೂರಲು ಜಾಗವಿತ್ತು, ನನಗೆ ಕೂರಲಾಗಲಿಲ್ಲ. ಇದು ಸರಿಯಲ್ಲ ಎಂದು ಹೇಳಬಲ್ಲ ಲೋಕದ ಒಂದೇ ಬಾಯಿ ನಾಳೆ ಬೆಳಿಗ್ಗೆ ಆಪರೇಶನ್ ಟೇಬಲ್ಲಿನ ಮೇಲೆ ಇರುತ್ತದೆ. ಆಮೇಲೆ ನಾನು ಏನು ಬಡಿಸಿದರೂ ಅದೇ ಕತೆ ಎಂದಾಗಿಬಿಡುತ್ತದೆ, ತಪ್ಪೂ ಸರಿಯೂ ಹೇಳುವವರಿಲ್ಲದೆ. ಸಯನ್ ಬಂದಾಗ ಇಳಿಯಲು ಮರೆಯುವುದರಲ್ಲಿದ್ದೆ.

ಊಟಕ್ಕೆ ಕೂತೆವು. ಅಕ್ಕನಿಗೆ ಅನ್ನ ಬಡಿಸಿ, ಅದೇ ಕೈಯಲ್ಲಿ ಮೊಸರಿನ ಪಾತ್ರೆ ಎಳೆದುಕೊಳ್ಳಲು ಹೋದೆ. ಮಣಿಕಟ್ಟಿನ ಮೇಲೆ ದೊಡ್ಡಮ್ಮನ ಏಟು ಚಟ್ಟನೆ ಬಿತ್ತು.

“ಮುಸುರೆ!”

ಮಾತು ಕಡಿಮೆ ಮಾಡಬೇಕಿದ್ದ ಬಾಯಿ ಅಷ್ಟಕ್ಕೆ ಮಾತ್ರ ತೆರೆಯಿತು. ಅನ್ನ ಮುಟ್ಟಿದ ಕೈಯನ್ನು ತೊಳೆಯದೆ ಹಾಲು ಮೊಸರಿನ ಪಾತ್ರೆ ಮುಟ್ಟಬಾರದು. ನನಗೆ ಕನ್ನಡದ ಜೊತೆಗೇ ಬಂದ ಪಾಠ.

“ಅಮ್ಮಾ, ಕಲ್ ಆಪರೇಶನ್, ಇವತ್ತೂ ಮುಸುರೆನಾ?” ಎಂದು ಅಕ್ಕ ತಲೆ ಚಚ್ಚಿಕೊಂಡಳು. ನಾನು ಕೈ ತೊಳೆಯಲು ಎದ್ದವಳು ನಲ್ಲಿಯ ಕೆಳಗೆ ಕೈ ಹಿಡಿದು ಹಾಗೇ ನಿಂತೆ. ಪ್ರೋಗ್ರಾಮಿನ ಇಬ್ಬರು ಹೆಣ್ಣುಮಕ್ಕಳಿಗೂ ಬೇರೆ ಬೇರೆ ಅಕ್ಷರಪಟ್ಟಿ ಕೊಟ್ಟಿದ್ದೇನೆ ಅಂದುಕೊಂಡಿದ್ದೆ. ಎಲ್ಲಿ ಕೊಟ್ಟಿದ್ದೆ? ಪಟ್ಟಿಯನ್ನು ತಾಯಿಯ ಹತ್ತಿರ ಇಟ್ಟಿದ್ದೆ, ಅದೂ ಒಂದೇ. ಮಾತಿನವಳು ತುಂಬಿಟ್ಟ ಪಟ್ಟಿಗೇ ಹಾಡಿನವಳು ಕೈ ಹಾಕಿ, ಹೆಚ್ಚಿನದನ್ನು ಅಳಿಸಿ ತನ್ನದನ್ನು ಬರೆದಿದ್ದಳು. ಅಳಿಯದೆ ಉಳಿದದ್ದು ಅವಳ ಹಾಡಿಗೆ ಅಂಟಿತ್ತು. ಎಲ್ಲವೂ ಮುಸುರೆ.

ಊಟ ಅರ್ಧಕ್ಕೇ ಬಿಟ್ಟು ಲ್ಯಾಪ್‌ಟಾಪಿನ ಮುಂದೆ ಕೂತೆ. ಪಟ್ಟಿಯನ್ನು ತಾಯಿಯಿಂದ ತೆಗೆದು, ಒಬ್ಬೊಬ್ಬಳು ಹುಟ್ಟುವಾಗಲೇ ಅವಳದೇ ಹೊಸ ಪಟ್ಟಿ ಕೈಗೆ ಸಿಗುವಂತೆ ಮಾಡಿದೆ. ಮಾತೂ ಬಂತು, ಹಾಡೂ ಬಂತು. ಅಕ್ಕ ನನ್ನ ಬಾಯಿಗೆ ಮೊಸರನ್ನದ ತುತ್ತು ಇಟ್ಟಳು.

ಮಧ್ಯಾಹ್ನವೆಲ್ಲ ದೊಡ್ಡಮ್ಮ ಟ್ಯಾಬಿನ ಮೇಲೆ ಬೆರಳಾಡಿಸಿದಳು. ಸರಿಯಿದ್ದರೆ ತಲೆಯಾಡಿಸುವುದು, ಇಲ್ಲದಿದ್ದರೆ ತುಟಿ ಕೊಂಕಿಸುವುದು. ಕೊನೆಗೆ ಕಡಲಿಗೆ ಮದುವೆಯಾಗಿ ಹೋದ ತಂಗಿಯ ಕತೆ ಬಂತು. ಅಮಾವಾಸ್ಯೆಯ ದಿನ ತಂಗಿ ತವರಿಗೆ ಬಂದು ಬಾಗಿಲು ತಟ್ಟುತ್ತಾಳೆ:

ಬಾಗಿಲು ತೆಗೆಯೇ ಅಕ್ಕ, ಉಪ್ಪುಪ್ಪು ಕೈ ನನ್ನದು
ಹೊಸ್ತಿಲಾಚೆಯೇ ನಿಂತೇನು, ಒದ್ದೆಯಾಗದು ಮನೆ

ಚಿಕ್ಕಂದಿನಲ್ಲಿ ಕತೆ ಇಲ್ಲಿಗೆ ಬಂದರೆ ನಾನು ಹೆದರಿ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಬಾಗಿಲ ಒಳಗಿದ್ದ ಕತೆಯ ಅಕ್ಕ ಏನು ಹೇಳಿದಳೆಂದು ನನಗೆ ಅಂದಿನವರೆಗೂ ಗೊತ್ತಿರಲಿಲ್ಲ. ಪರದೆಯಲ್ಲಿಯೂ ಅವಳ ಉತ್ತರದ ಸಾಲು ಬರೀ ಚೌಕಗಳು. ಫೈಲಿನ ಆ ತುಣುಕೇ ಕೆಟ್ಟಿತ್ತು. ಯಾವ ಪಟ್ಟಿಯೂ ಅದನ್ನು ಓದಲಾರದು.

“ಇದು ಎಂತ, ದೊಡ್ಡಮ್ಮ?”

ಅವಳು ಕಣ್ಣು ಮುಚ್ಚಿದಳು. ತುಟಿ ಅಲುಗಿತು, ನಿಂತಿತು. ತಲೆ ಅಡ್ಡಡ್ಡ ಆಡಿಸಿದಳು. ಡಬ್ಬ ನಿಜಕ್ಕೂ ಖಾಲಿಯಾಗಿತ್ತೇ? ಅವಳ ಕಣ್ಣಲ್ಲಿ ಅಂಥ ಹೆದರಿಕೆಯನ್ನು ಆಸ್ಪತ್ರೆಯಲ್ಲಿಯೂ ನಾನು ನೋಡಿರಲಿಲ್ಲ. ಅಕ್ಕ ಒಂದು ಲೋಟ ನೀರು ತಂದುಕೊಟ್ಟಳು. ದೊಡ್ಡಮ್ಮ ಕುಡಿದಳು, ಲೋಟ ಕೆಳಗಿಟ್ಟಳು, ಮೊದಲ ಸಾಲಿನಿಂದ ಹಾಡತೊಡಗಿದಳು. ದನಿ ಒಡೆದು, ಹಾರಿ, ಗಾಳಿಯಾಗುತ್ತಿತ್ತು. ಚೌಕಗಳ ಜಾಗಕ್ಕೆ ಬಂದಾಗಲೂ ಅವಳು ನಿಲ್ಲಲೇ ಇಲ್ಲ.

ತೆಗೆದೇನು ತಂಗಿ, ನಿನ್ನ ಹಿಂದೆ ಕಡಲು ಬಾರದಿದ್ದರೆ

ಆ ಸಾಲನ್ನು ಚೌಕಗಳ ಜಾಗದಲ್ಲಿ ಟೈಪು ಮಾಡಿದೆ.

ಆಪರೇಶನ್ ಆಯಿತು. ಗಂಟು ಹೋಯಿತು. ದನಿಯ ಮಾತು ಈಗಲೇ ಹೇಳಲಾಗದು ಎಂದಿದ್ದಾರೆ. ಕತ್ತಿಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದವಳು ಟ್ಯಾಬಿನ ಕಡೆ ಬೆರಳು ತೋರಿಸಿ, ಓದು ಎಂದು ಸನ್ನೆ ಮಾಡಿದಳು. ಕಡಲ ತಂಗಿಯ ಕತೆಯನ್ನೇ ಓದಿದೆ. ನೀರಿನ ಗೆರೆ ಬಂತು. ಅದನ್ನು ದಾಟಿ ಓದುತ್ತ ಹೋಗುವುದರಲ್ಲಿದ್ದೆ. ಮಣಿಕಟ್ಟಿನ ಮೇಲೆ ಮೆಲ್ಲಗೆ ಏಟು ಬಿತ್ತು. ಪಕ್ಕದ ಸ್ಟೂಲಿನ ಮೇಲಿದ್ದ ಲೋಟವನ್ನು ನನ್ನ ಕಡೆ ತಳ್ಳಿದಳು.

ಕುಡಿದೆ. ಹಾಡಬೇಕಾಯಿತು. ಇಷ್ಟು ವರ್ಷ ಕಿವಿ ಮುಚ್ಚಿಕೊಂಡವಳು ನಾನು. ಹೆದರಿಕೆಯಲ್ಲಿ ದನಿ ತೀರ ಕೆಳಗೆ ಶುರುವಾಯಿತು. ದೊಡ್ಡಮ್ಮ ಅಂಗೈ ಮೇಲೆತ್ತಿದಳು. ಇನ್ನೂ ಮೇಲೆ, ಇನ್ನೂ.