ಕೊನೆಯ ಎರಡು ಸೀಸೆ

ನನ್ನ ಗಂಡ ನರಸಪ್ಪ ಕುಂದಲಹಳ್ಳಿಯಲ್ಲಿ ಹಸು ಕಟ್ಟಿಕೊಂಡು ಬದುಕಿದವರು. ಹೊಲ ಫ್ಯಾಕ್ಟರಿಗೆ ಹೋಯಿತು. ಮೇಯಿಸುವ ಜಾಗಕ್ಕೆ ಕಾಂಪೌಂಡು ಬಂತು. ಆಮೇಲೂ ಒಂದು ಸೀಮೆಹಸು ಉಳಿಸಿಕೊಂಡಿದ್ದರು. ಮನೆ ನಡೆಯುತ್ತಿದ್ದುದು ಅದರ ಹಾಲಿನಿಂದ. ಕೇಳಿದವರಿಗೆ ಇಲ್ಲ ಎನ್ನುವುದು ಅವರಿಗೆ ಬರುತ್ತಿರಲಿಲ್ಲ.

ನಮ್ಮ ಬೀದಿಯಲ್ಲಿ ಹೆಪ್ಪು ಕೇಳಿಕೊಂಡು ಬರುವ ಹಾಗೆ ಕೆಚ್ಚಲುಬಾವಿನ ಔಷಧಿ ಕೇಳಿಕೊಂಡು ಬರುತ್ತಿದ್ದರು. ಹಾಲು ಗಂಟುಗಂಟಾಗಿ ಬಂದರೆ ಔಷಧಿ ಹಾಕುವುದು, ಬೆಳ್ಳಗಾದ ಕೂಡಲೇ ನಿಲ್ಲಿಸುವುದು. ಮಿಕ್ಕಿದ್ದು ಪಕ್ಕದ ಮನೆಯ ಹಸುವಿಗೆ. ಸೂಜಿ ಚುಚ್ಚುವುದನ್ನೂ ಇವರು ಕಲಿತಿದ್ದರು. ಎಲ್ಲರ ಹಸುವಿಗೂ ಇವರೇ.

ತೊಂಬತ್ತಾರರಲ್ಲಿ ನಮ್ಮ ಹಸುವಿಗೇ ಬಾವು ಬಂತು. ಹಾಕಿದ ಯಾವ ಔಷಧಿಯೂ ಹಿಡಿಯಲಿಲ್ಲ. ದನದ ಡಾಕ್ಟರು ಹಾಲನ್ನು ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಕಳಿಸಿ ಪರೀಕ್ಷೆ ಮಾಡಿಸಿದರು.

"ಅರ್ಧಂಬರ್ಧ ಹಾಕಿ ಹಾಕಿ ನೀವೇ ಆ ಕ್ರಿಮೀನ ಬಲ ಮಾಡಿದೀರ. ಈಗ ಯಾವ್ದಕ್ಕೂ ಸಾಯ್ತಿಲ್ಲ" ಎಂದರು. "ಇದೊಂದು ಔಷಧಿ ಉಳಿದಿದೆ. ಐದು ದಿನ, ಐದು ಸೀಸೆ. ಹಾಲು ಬೆಳ್ಳಗಾದ್ರೂ ನಿಲ್ಲಿಸ್ಬೇಡ ನರಸಪ್ಪ. ಇದೂ ಹಿಡೀಲಿಲ್ಲ ಅಂದ್ರೆ ನನ್ನ ಹತ್ರ ಏನೂ ಇಲ್ಲ."

"ಆಯ್ತು ಸಾರ್" ಎಂದರು ಇವರು.

ಮೂರನೆಯ ದಿನ ಹಾಲು ಬೆಳ್ಳಗಾಯಿತು. ಅವತ್ತೇ ಪಕ್ಕದ ಮನೆಯ ನಾಗಲಕ್ಷ್ಮಮ್ಮ ಬಂದಳು. ಅವಳ ಹಸುವಿಗೂ ಬಾವು.

"ಎರಡು ಸೀಸೆ ಉಳ್ದೈತಂತಲ್ಲ ನರಸಣ್ಣ."

"ಡಾಕ್ಟ್ರು ಪೂರ್ತಿ ಹಾಕು ಅಂದವ್ರೆ ಕಣಮ್ಮ."

"ನಿನ್ ಹಸು ನೆಟ್ಟಗಾಯ್ತಲ್ಲ, ಇನ್ನೇನು ಉಪ್ಪಿನಕಾಯಿ ಹಾಕ್ತೀಯಾ? ಊರಿಗೆಲ್ಲ ಕೊಟ್ಟೋನು, ನನ್ ಹಸು ಏನ್ ಪಾಪ ಮಾಡಿತ್ತು?"

ಕೊಡಬೇಡಿ ಎಂದೆ. "ಅದೂ ಹಸೂನೇ ಅಲ್ವೇನೇ" ಎಂದರು. ಸೀಸೆ ತಗೊಂಡು ಅವಳ ಕೊಟ್ಟಿಗೆಗೆ ಹೋಗಿ ತಾವೇ ಚುಚ್ಚಿ ಬಂದರು. ಮಾರನೆಯ ದಿನವೂ ಹೋದರು.

ವಾರ ಕಳೆಯುವುದರೊಳಗೆ ನಮ್ಮ ಹಸುವಿನ ಕೆಚ್ಚಲು ಕಲ್ಲಾಯಿತು. ಹಿಂಡಿದರೆ ನೀರು, ಅದರ ಜೊತೆ ರಕ್ತ. ಡಾಕ್ಟರು ಬಂದು ಮುಟ್ಟಿ ನೋಡಿದರು. ಎಷ್ಟು ಹಾಕಿದೆ ಎಂದು ಕೇಳಿದರು. ಇವರು ಮೂರು ಎಂದರು. ಡಾಕ್ಟರು ಬೈಯಲಿಲ್ಲ. ಕೈ ತೊಳೆದುಕೊಂಡರು.

"ನಾಗಲಕ್ಷ್ಮಮ್ಮನ ಹಸು ಹೆಂಗೈತೆ ಸಾರ್?" ಎಂದು ಕೇಳಿದರು ಇವರು.

"ಅದಕ್ಕೂ ಬಾವು ಇಳಿದಿಲ್ಲ."

ನಮ್ಮ ಹಸುವನ್ನು ಮಾರಿದೆವು. ಹಾಲು ಕೊಡದ ಹಸುವನ್ನು ಕೊಳ್ಳುವವರು ಯಾರು ಎಂದು ಎಲ್ಲರಿಗೂ ಗೊತ್ತು. ಟೆಂಪೋ ಹತ್ತಿಸುವಾಗ ಇವರು ಹಿಂದಿನಿಂದ ತಳ್ಳಿದರು. ಆಮೇಲೆ ಒಂದು ಫ್ಯಾಕ್ಟರಿ ಗೇಟಿನಲ್ಲಿ ಕಾವಲಿಗೆ ಸೇರಿದರು. ಬೀದಿಯವರ ಹಸು ನೋಡಲು ಮತ್ತೆ ಹೋಗಲಿಲ್ಲ, ಅವರೂ ಕರೆಯಲಿಲ್ಲ. ಹೋದ ಕಾರ್ತಿಕದಲ್ಲಿ ಆ ಗೇಟಿನ ಹತ್ತಿರ ಎದೆ ಹಿಡಿದುಕೊಂಡು ಕೂತರಂತೆ. ಮತ್ತೆ ಏಳಲಿಲ್ಲ.

ಹೆಣ ಮನೆಗೆ ತಂದಾಗ ನಾಗಲಕ್ಷ್ಮಮ್ಮ ಬಂದು ನನ್ನ ಪಕ್ಕ ಕೂತಳು. ತುಂಬ ಅತ್ತಳು. ನನಗೆ ಅಳು ಬರಲಿಲ್ಲ. ಏನಾದರೂ ಮಾತಾಡಬೇಕಲ್ಲ ಎಂದು, ಇಷ್ಟು ವರ್ಷ ಕೇಳದೆ ಬಿಟ್ಟಿದ್ದನ್ನು ಕೇಳಿದೆ, ಆವತ್ತಿನ ಅವಳ ಹಸು ಏನಾಯಿತು ಎಂದು.

"ಅದನ್ನೂ ಟೆಂಪೋಗೆ ಹತ್ತಿಸ್ಬಿಟ್ವಿ ಕಣಕ್ಕ" ಎಂದಳು.