ಬಟ್ಟಲು ತಟ್ಟುವ ಚಿಕ್ಕಮ್ಮ

ನನ್ನ ಚಿಕ್ಕಮ್ಮನಿಗೆ ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲು ತಟ್ಟುವ ಕೆಲಸ. ಭಟ್ಟಿಯಿಂದ ಬಂದದ್ದನ್ನು ಅಂಗೈ ಮೇಲಿಟ್ಟು ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟುತ್ತಿದ್ದಳು. ಟಿಣ್ ಎಂದರೆ ಅಂಗಡಿಗೆ. ಟಪ್ ಎಂದರೆ ಒಳಗೆಲ್ಲೋ ಬಿರುಕಿದೆ, ಒಡೆದುಹಾಕುವ ತೊಟ್ಟಿಗೆ. ದಯೆ ದಾಕ್ಷಿಣ್ಯವಿಲ್ಲ. "ನಿಮ್ಮ ಗೊರಕೆ ಕೇಳಿದ್ರೆ ನಿಮ್ಮನ್ನೂ ಎಂದೋ ತೊಟ್ಟಿಗೆ ಹಾಕಬೇಕಿತ್ತು" ಎಂದು ಚಿಕ್ಕಪ್ಪನನ್ನು ರೇಗಿಸುವಳು. ಅವರು ಮುಖ ಊದಿಸಿಕೊಳ್ಳುವರು.

ಹೋದ ವರ್ಷ ಅವಳ ಶ್ವಾಸಕೋಶಕ್ಕೆ ಹಟಮಾರಿ ಸೋಂಕು ತಗುಲಿ ಇಂಜೆಕ್ಷನ್ ಶುರುವಾಯಿತು. ಡಾಕ್ಟರಮ್ಮ ಮೊದಲೇ ಹೇಳಿದ್ದರು: "ಈ ಔಷಧಿ ಕೆಲವರ ಕಿವಿಗೆ ಪೆಟ್ಟು ಕೊಡುತ್ತೆ. ಒಳಗಿವಿಯಲ್ಲಿ ಕೂದಲಿಗಿಂತ ಸಣ್ಣ ಎಳೆಗಳಿರೋ ಜೀವಕೋಶಗಳಿವೆ, ಸತ್ತರೆ ಮತ್ತೆ ಹುಟ್ಟಲ್ಲ. ಮೊದಲು ಚೂಪು ದನಿ ಹೋಗುತ್ತೆ, ದಪ್ಪ ದನಿ ಆಮೇಲೆ. ಅದಕ್ಕೇ ಆಗಾಗ ಕಿವಿ ಪರೀಕ್ಷೆ ಮಾಡ್ತೀವಿ. ವ್ಯತ್ಯಾಸ ಕಂಡ ಕೂಡಲೇ ಔಷಧಿ ಬದಲಿಸಬಹುದು."

ದನಿ ಕೇಳಿದಾಗ ಗುಂಡಿ ಒತ್ತಬೇಕು, ಅಷ್ಟೇ ಪರೀಕ್ಷೆ. ಚಿಕ್ಕಮ್ಮ ಪ್ರತಿ ಸಲವೂ ಪಾಸು. ನಾವು ನೆಮ್ಮದಿಯಾಗಿದ್ದೆವು.

ಒಂದು ಭಾನುವಾರ ಹೊಸ ಬಟ್ಟಲುಗಳನ್ನು ಜೋಡಿಸುತ್ತ ಅವಳು ಅಭ್ಯಾಸದಂತೆ ತಟ್ಟಿದಳು. "ಬಿರುಕು" ಎಂದು ಒಂದನ್ನು ಕಸದ ಬುಟ್ಟಿಗೆ ಹಾಕಿದಳು. ಇನ್ನೊಂದನ್ನೂ ಹಾಕಿದಳು. ಮೂರನೆಯದೂ ಹೊರಟಾಗ ಚಿಕ್ಕಪ್ಪ ಅದನ್ನು ಕೈಯಿಂದ ತೆಗೆದುಕೊಂಡು ಚಮಚದಿಂದ ತಟ್ಟಿದರು. ಟಿಣ್. ಅಡುಗೆಮನೆಯ ಆಚೆಗಿದ್ದ ನನಗೂ ಕೇಳಿಸಿತು.

ಅವಳು ತಲೆ ತಗ್ಗಿಸಿದಳು. "ಆ ಪರೀಕ್ಷೆ ಕೋಣೆಯ ಗಾಜಿನಲ್ಲಿ, ದನಿ ಕಳಿಸೋ ಹುಡುಗಿಯ ಮೊಣಕೈ ಕಾಣುತ್ತೆ. ಅದು ಅಲ್ಲಾಡಿದಾಗೆಲ್ಲ ನಾನೂ ಗುಂಡಿ ಒತ್ತಿದೆ."

ನನಗೆ ಸಿಟ್ಟು ನೆತ್ತಿಗೇರಿತು. "ಪರೀಕ್ಷೆ ಮಾಡೋದೇ ನಿನ್ನ ಕಿವಿ ಉಳಿಸೋಕೆ. ಅದರಲ್ಲೂ ಕಾಪಿ ಹೊಡೀತೀಯಾ?"

"ದನಿ ಸರಿಯಿಲ್ಲದ್ದನ್ನ ಏನು ಮಾಡ್ತಾರೆ ಅಂತ ನನಗೆ ಗೊತ್ತಿಲ್ವಾ?" ಎಂದಳು.

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಚಿಕ್ಕಪ್ಪ ಬುಟ್ಟಿಯಿಂದ ಎರಡು ಬಟ್ಟಲನ್ನೂ ಎತ್ತಿ ಒರೆಸಿದರು. "ನೀನೇನು ಬಟ್ಟಲಾ? ನಾಳೆ ಹೋಗಿ ನಿಜ ಹೇಳೋಣ."

ಮರುದಿನ ಪರೀಕ್ಷೆಯ ಕೋಣೆಯಲ್ಲಿ ಅವಳು ತಾನಾಗಿಯೇ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತಳು. ನಾನು ಗಾಜಿನ ಆಚೆ ಆ ಹುಡುಗಿಯ ಪಕ್ಕ ನಿಂತಿದ್ದೆ. ಹುಡುಗಿ ಒಂದರ ಮೇಲೊಂದು ದನಿ ಕಳಿಸುತ್ತಲೇ ಇದ್ದಳು, ಚಿಕ್ಕಮ್ಮನ ಬೆರಳು ಅಲುಗಲಿಲ್ಲ. ಓಡಿಹೋಗಿ ನಾನೇ ಒತ್ತಿಬಿಡಲೇ ಅನ್ನಿಸಿತು. ಕೊನೆಗೆ, ದನಿ ದಪ್ಪವಾದ ಮೇಲೆ, ಬೆರಳು ಗುಂಡಿ ಒತ್ತಿತು.

ಡಾಕ್ಟರಮ್ಮ ಅಂದೇ ಔಷಧಿ ಬದಲಿಸಿದರು. "ಹೋದದ್ದು ಬರಲ್ಲಮ್ಮ. ಇರೋದನ್ನ ಕಾಪಾಡ್ಕೊಳ್ಳೋಣ."

ಸೋಂಕು ವಾಸಿಯಾಯಿತು. ಚಿಕ್ಕಮ್ಮ ಈಗ ಅದೇ ಕಾರ್ಖಾನೆಯಲ್ಲಿ ಬಟ್ಟಲುಗಳಿಗೆ ನೀಲಿ ಅಂಚು ಬರೆಯುತ್ತಾಳೆ. ಟಿಣ್ ಎಂಬುದು ಅವಳಿಗೆ ಮತ್ತೆ ಕೇಳಿಸಲಿಲ್ಲ. ಗೊರಕೆಯ ಮಾತೆತ್ತಿದರೆ ಮುಖ ಊದಿಸಿಕೊಳ್ಳುತ್ತಿದ್ದ ಚಿಕ್ಕಪ್ಪ ಮಾತ್ರ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಕೇಳುತ್ತಾರೆ:

"ರಾತ್ರಿ ನನ್ನ ಗೊರಕೆ ಕೇಳಿಸ್ತಾ?"

"ಕೇಳಿಸ್ತು ಕಣ್ರೀ. ನಿದ್ದೆನೇ ಇಲ್ಲ."

"ಹಾಗಾದ್ರೆ ಸರಿ" ಎಂದು ಅವರು ಮುಖ ತೊಳೆಯಲು ಹೋಗುತ್ತಾರೆ.